ಹವಳ ಮುದುಡಿದರೆ ಮೊದಲು ಭೂತಗನ್ನಡಿ

ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನಲ್ಲಿರುವ ಹ್ಯಾಮರ್ ಹವಳಕ್ಕೆ ಆರು ತಲೆ. ಒಂದು ಭಾನುವಾರ ಬೆಳಿಗ್ಗೆ ಲೈಟ್ ಹೊತ್ತಿದ ಮೇಲೆ ಐದು ತಲೆಗಳು ಎಂದಿನ ಹಾಗೆ ಅರಳಿದವು. ಆರನೆಯದು ಮುಷ್ಟಿ ಬಿಗಿದ ಹಾಗೆ ಕೂತಿತ್ತು. ಮಧ್ಯಾಹ್ನವಾದರೂ ಹಾಗೇ ಇತ್ತು. ನಾನು ಕೆಳಗಿನ ಕಪಾಟು ತೆರೆದೆ. ಅಯೋಡಿನ್, ಅಮೈನೊ ಆಸಿಡ್, ಟ್ರೇಸ್ ಎಲಿಮೆಂಟ್ಸ್, ಇನ್ನೂ ಎಂಥದೋ ಎರಡು ಬಾಟಲಿ, ಎಲ್ಲವನ್ನೂ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹೆಂಡತಿ ಆ ಸಾಲನ್ನು ನೋಡಿ, "ರೀ, ಅದಕ್ಕೆ ಏನಾಗಿದೆ ಅಂತ ಗೊತ್ತಾಯ್ತಾ?" ಅಂತ ಕೇಳಿದಳು.

"ಇಲ್ಲ."

"ಮತ್ತೆ ಇವೆಲ್ಲ ಯಾವ ಕಾಯಿಲೆಗೆ?"

ಬಾಟಲಿಗಳನ್ನು ವಾಪಸ್ ಇಟ್ಟೆ. ಅದಕ್ಕೂ ಎರಡು ವರ್ಷ ಮೊದಲು ಇದೇ ಆತುರದಲ್ಲಿ ಅಕ್ರೋಪೊರಾ ಅನ್ನುವ ಒಂದು ಚಂದದ ಕೊಂಬೆ ಹವಳವನ್ನು ಕೈಯಾರೆ ಕೊಂದಿದ್ದೆ. ಆಗ ಆಲ್ಕಲಿನಿಟಿ (ಆಮ್ಲವನ್ನು ತಡೆಯುವ ನೀರಿನ ಶಕ್ತಿ, ಅಳೆಯುವುದು ಡಿಕೆಎಚ್‌ನಲ್ಲಿ) 6.5 ಡಿಕೆಎಚ್‌ಗೆ ಇಳಿದಿತ್ತು. ಹವಳದ ಬಣ್ಣ ಸ್ವಲ್ಪ ಮಂಕಾಗಿತ್ತು, ಅಷ್ಟೇ. ನಾನು ಒಂದೇ ರಾತ್ರಿಯಲ್ಲಿ ಅದನ್ನು 9ಕ್ಕೆ ಏರಿಸಿದೆ. ಮೂರನೇ ದಿನಕ್ಕೆ ಬುಡದಿಂದ ಮೈ ಸುಲಿಯತೊಡಗಿತು. ವಾರದೊಳಗೆ ಬಿಳಿ ಕೊಂಬೆ ಮಾತ್ರ ಉಳಿಯಿತು. ಸಣ್ಣ ತೊಂದರೆಯನ್ನು ನನ್ನ ರಿಪೇರಿಯೇ ಸಾವು ಮಾಡಿತ್ತು.

ಹಾಗಾಗಿ ನಾನು ಹೇಳುವುದರಲ್ಲಿ ಔಷಧಿ ಕಡಿಮೆ, ನೋಡುವ ಕೆಲಸ ಜಾಸ್ತಿ. ಬೇಕಾಗಿರುವುದು ಒಂದು ಭೂತಗನ್ನಡಿ, ಒಂದು ಟಾರ್ಚು, ಒಂದು ನೋಟ್‌ಬುಕ್ಕು.

ಒಂದೇ ಹವಳವಾ, ಎಲ್ಲವೂನಾ?

ಮೊದಲ ಪ್ರಶ್ನೆ ಇದು. ಟ್ಯಾಂಕಿನ ಎದುರು ಎರಡು ಹೆಜ್ಜೆ ಹಿಂದೆ ನಿಂತು ಎಲ್ಲ ಹವಳಗಳನ್ನೂ ಒಮ್ಮೆ ನೋಡಿ. ನಾಲ್ಕೈದು ಬಗೆಯ ಹವಳ ಒಟ್ಟಿಗೆ ಸೊರಗಿದ್ದರೆ ತಪ್ಪು ನೀರಿನಲ್ಲಿದೆ, ಇಲ್ಲವೇ ಲೈಟಿನಲ್ಲಿದೆ. ಒಂದೇ ಹವಳ ಸೊರಗಿ ಅದರ ಪಕ್ಕದ್ದು ನಗುನಗುತ್ತಾ ಇದ್ದರೆ ಕಾರಣವೂ ಹೆಚ್ಚಾಗಿ ಅಲ್ಲೇ, ಆ ಹವಳದ ಒಂದು ಗೇಣಿನೊಳಗೇ ಇರುತ್ತದೆ. ಒಂದೇ ತಲೆ ಮುದುಡಿದ್ದರೆ ಇನ್ನೂ ಹತ್ತಿರ. ಇದಕ್ಕೂ ಒಂದು ಅಪವಾದ ಉಂಟು. ಅಕ್ರೋಪೊರಾದಂಥ ನಾಜೂಕಿನ ಹವಳ ನೀರು ಕೆಟ್ಟರೆ ಉಳಿದವಕ್ಕಿಂತ ಮೊದಲೇ ಹೇಳುತ್ತದೆ. ಅದೊಂದೇ ಸೊರಗಿದೆ ಅಂತ ನೀರನ್ನು ಪರೀಕ್ಷಿಸದೆ ಬಿಡಬೇಡಿ.

ಆಮೇಲೆ ಹತ್ತಿರ ಹೋಗಿ. ನೀಲಿ ಲೈಟ್ ಆರಿಸಿ, ಬಿಳಿ ಲೈಟ್ ಹಾಕಿ. ನೀಲಿಯಲ್ಲಿ ಸಾಯುತ್ತಿರುವ ಹವಳವೂ ಹಸಿರಾಗಿ ಮಿನುಗುತ್ತದೆ, ಕಣ್ಣಿಗೆ ಮೋಸ. ಬಿಳಿ ಲೈಟಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಅದೇ ಜಾಗದಿಂದ, ಅದೇ ಹೊತ್ತಿಗೆ ನಾಳೆಯೂ ಒಂದು ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಕಾಣದ ವ್ಯತ್ಯಾಸ ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ.

ಬಿಳಿ ಕಂಡರೆ ಅದು ಎಂಥ ಬಿಳಿ?

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಹವಳ ಬೆಳ್ಳಗಾಯಿತು ಅಂದ ತಕ್ಷಣ ಸತ್ತಿತು ಅಂತ ಅರ್ಥವಲ್ಲ. ಹವಳದ ಮೈಯೊಳಗೆ ಝೂಝಾಂಥೆಲ್ಲೆ ಅನ್ನುವ ಸೂಕ್ಷ್ಮ ಪಾಚಿ ವಾಸ ಮಾಡುತ್ತದೆ. ಬೆಳಕಿನಿಂದ ಅನ್ನ ಬೇಯಿಸಿ ಹವಳಕ್ಕೆ ಬಡಿಸುವುದು ಅದೇ. ಕಂದು ಬಣ್ಣವೂ ಅದರದ್ದೇ. ಬಿಸಿ ಜಾಸ್ತಿಯಾದರೆ, ಬೆಳಕು ತಡೆಯದಾದರೆ ಹವಳ ಈ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಆಗ ಉಳಿಯುವ ಮೈ ಗಾಜಿನ ಹಾಗೆ ಪಾರದರ್ಶಕ. ಅದರೊಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಇದು ಬ್ಲೀಚಿಂಗ್. ಹವಳ ಹಸಿದಿದೆ, ಸತ್ತಿಲ್ಲ.

ಭೂತಗನ್ನಡಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಬ್ಲೀಚ್ ಆದ ಹವಳದ ಮೇಲೆ ನಯವಾದ, ಒದ್ದೆ ಪೊರೆಯಂಥ ಮೈ ಇರುತ್ತದೆ, ಹವಳದ ಪುಟ್ಟ ಜೀವಗಳಾದ ಪಾಲಿಪ್‌ಗಳು ಹೊರಗೆ ಬರುತ್ತವೆ. ಮೈಯೇ ಹೋಗಿದ್ದರೆ ಗೂಡಿನ ಚೂಪು ಅಂಚುಗಳು, ಗೀರುಗಳು ಬರಿದಾಗಿ ಕಾಣುತ್ತವೆ. ಕೆಲವೇ ದಿನದಲ್ಲಿ ಅದರ ಮೇಲೆ ಪಾಚಿಯ ತೆಳು ಹಸಿರು ಕೂರುತ್ತದೆ.

ಬ್ಲೀಚಿಂಗಿಗೆ ಔಷಧಿ ಇಲ್ಲ. ಹವಳವನ್ನು ಸ್ವಲ್ಪ ನೆರಳಿಗೆ ಸರಿಸಿ, ಅಥವಾ ಲೈಟನ್ನು ಮೂರನೇ ಒಂದು ಭಾಗದಷ್ಟು ಇಳಿಸಿ. ಮುಂದಿನ ವಾರದಿಂದ ವಾರಕ್ಕೆ ಎರಡು ಸಲ ಸಣ್ಣ ತುಣುಕಿನ ಆಹಾರ ಕೊಡಿ. ಬಣ್ಣ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದನ್ನು ಡಿಪ್‌ನಲ್ಲಿ, ಅಂದರೆ ಹುಳ ಕೊಲ್ಲುವ ಔಷಧಿ ಬೆರೆಸಿದ ನೀರಿನಲ್ಲಿ, ಮುಳುಗಿಸಬೇಡಿ. ಉಪವಾಸ ಇರುವವನಿಗೆ ಭೇದಿ ಔಷಧಿ ಕೊಟ್ಟ ಹಾಗೆ.

ಮೈ ಸುಲಿಯುತ್ತಿದ್ದರೆ ಎಲ್ಲಿಂದ ಅಂತ ನೋಡಿ. ಬುಡದಿಂದ ನಿಧಾನವಾಗಿ ಮೇಲೇರುತ್ತಿದ್ದರೆ ಆಲ್ಕಲಿನಿಟಿಯ ಏರಿಳಿತ, ಬುಡಕ್ಕೆ ಬೆಳಕು ಅಥವಾ ನೀರಿನ ಹರಿವು ತಲುಪದಿರುವುದು, ಇಲ್ಲವೇ ಹುಳ ಅಂತ ಅನುಮಾನಿಸಿ. ತುದಿಗಳು ಮಾತ್ರ ಸುಟ್ಟ ಹಾಗೆ ಬೆಳ್ಳಗಾಗಿದ್ದರೆ ಆಲ್ಕಲಿನಿಟಿ ಜಾಸ್ತಿ, ನೈಟ್ರೇಟ್ ಮತ್ತು ಫಾಸ್ಫೇಟ್ ತೀರಾ ಕಡಿಮೆ ಇರುವ ಸಾಧ್ಯತೆ ಇದೆ. ಬೆಳೆಯುತ್ತಿರುವ ಅಕ್ರೋಪೊರಾದ ತುದಿ ಬೆಳ್ಳಗೇ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಮೇಲ್ಭಾಗ ಬಿಳಿಚಿ ಅಡಿಭಾಗದ ಬಣ್ಣ ಚೆನ್ನಾಗಿದ್ದರೆ ಲೈಟ್ ಜಾಸ್ತಿ. ಇಡೀ ಹವಳ ಕಂದಾಗುತ್ತಿದ್ದರೆ ಲೈಟ್ ಸಾಲದು ಅಥವಾ ನೀರಿನಲ್ಲಿ ಪೋಷಕಾಂಶ ಜಾಸ್ತಿ. ಅದು ತುರ್ತು ವಿಷಯವೇ ಅಲ್ಲ.

ಇನ್ನೊಂದು, ಲೆದರ್ ಹವಳ ಇಟ್ಟವರಿಗೆ. ಅದು ಆಗಾಗ ಮುದುಡಿ, ಮೈಮೇಲೆ ಮೇಣದಂಥ ಪೊರೆ ಕಟ್ಟಿ, ಕೆಲವು ದಿನ ಸತ್ತ ಹಾಗೆ ನಾಟಕ ಆಡುತ್ತದೆ. ಆಮೇಲೆ ಪೊರೆ ಕಳಚಿ ಏನೂ ಆಗಿಲ್ಲವೆಂಬಂತೆ ಅರಳುತ್ತದೆ. ಹಾವು ಪೊರೆ ಬಿಟ್ಟ ಹಾಗೆಯೇ. ಪಂಪನ್ನು ಸ್ವಲ್ಪ ಅದರ ಕಡೆ ತಿರುಗಿಸಿ ಪೊರೆ ಹಾರಿಸಿದರೆ ಸಾಕು.

ನೀರಿಗಿಂತ ಮೊದಲು ಅಳತೆಯ ಸಾಮಾನು

ಒಂದು ಸಲ ನನ್ನ ಟ್ಯಾಂಕಿನಲ್ಲಿ ಎಲ್ಲ ಹವಳವೂ ಅರ್ಧಂಬರ್ಧ ಅರಳುತ್ತಿದ್ದವು. ಉಪ್ಪು 1.026 (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ), ಸರಿಯಾಗೇ ಇದೆ ಅಂತ ಮೂರು ವಾರ ಬರೆದುಕೊಂಡೆ. ಹೊಟ್ಟೆಪಾಡಿಗೆ ನಾನು ಲೆಕ್ಕ ಬರೆಯುವವನು. ಕಾಲಂ ತುಂಬಿದ್ದರೆ ಸಮಾಧಾನ. ಕೊನೆಗೆ 35 ಪಿಪಿಟಿಯ (ಸಾವಿರಕ್ಕೆ 35 ಭಾಗ ಉಪ್ಪಿನ) ಕ್ಯಾಲಿಬ್ರೇಶನ್ ದ್ರಾವಣ ತಂದು, ಉಪ್ಪು ಅಳೆಯುವ ರಿಫ್ರಾಕ್ಟೊಮೀಟರಿಗೆ ಎರಡು ಹನಿ ಬಿಟ್ಟು ನೋಡಿದರೆ, ಅದು 35ರ ಬದಲು 39 ತೋರಿಸಿತು! ನಾನು ಅಲ್ಲಿವರೆಗೆ ಅದನ್ನು ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂರಿಸಿ, ಸರಿಯಿದೆ ಅಂದುಕೊಂಡಿದ್ದೆ. ಸೊನ್ನೆಯಲ್ಲಿ ಸರಿ ಇದ್ದದ್ದು 35ರಲ್ಲಿ ಸರಿ ಇರಬೇಕಂತಿಲ್ಲ. ಮೂರು ವಾರದ ಕಾಲಂ ಪೂರ್ತಿ ಸುಳ್ಳು ಲೆಕ್ಕ, ನಿಜವಾದ ಉಪ್ಪು ಬರೆದದ್ದಕ್ಕಿಂತ ಕಡಿಮೆ ಇತ್ತು.

ಆಗ ಉಪ್ಪನ್ನು ಒಮ್ಮೆಲೇ ಸುರಿಯಲಿಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಅಲ್ವಾ? ಅದಕ್ಕೇ ದಿನಾ ಸಿಹಿನೀರು ತುಂಬುತ್ತೇವೆ. ಸಿಹಿನೀರಿನ ಬದಲು ಉಪ್ಪುನೀರನ್ನೇ ತುಂಬುತ್ತಾ ಒಂದು ವಾರದಲ್ಲಿ ಮೆಲ್ಲಗೆ ಏರಿಸಿದೆ. ಐದನೇ ದಿನಕ್ಕೇ ಝೋವಾ ಅನ್ನುವ ಹೂವಿನಂಥ ಪಾಲಿಪ್‌ಗಳು ಪೂರ್ತಿ ತೆರೆದವು.

ಅಳತೆ ನಂಬಬಹುದು ಅಂತಾದ ಮೇಲೆ ನಾನು ನೋಡುವ ಸಂಖ್ಯೆಗಳು ಇವು. ಉಪ್ಪು 1.025ರಿಂದ 1.026. ಬಿಸಿ 25ರಿಂದ 26 ಡಿಗ್ರಿ, ಎರಡು ಬೇರೆ ಥರ್ಮಾಮೀಟರಿನಲ್ಲಿ. ಆಲ್ಕಲಿನಿಟಿ 8ರ ಆಸುಪಾಸು. ಕ್ಯಾಲ್ಸಿಯಂ 420, ಮೆಗ್ನೀಶಿಯಂ 1300 ಪಿಪಿಎಂನ ಹತ್ತಿರ. ಅಮೋನಿಯ ಸೊನ್ನೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1. ಇವೆರಡೂ ಸೊನ್ನೆ ಇದ್ದರೆ ನೀರು ಶುದ್ಧವಾಗಿದೆ ಅಂತ ಹಿಗ್ಗಬೇಡಿ. ಹವಳಕ್ಕೂ ಅದರ ಪಾಚಿಗೂ ಅದೇ ಊಟ. ಸೊನ್ನೆಯಲ್ಲಿ ಹವಳ ಬಿಳಿಚುತ್ತದೆ. ಜೊತೆಗೆ ಡೈನೊಫ್ಲಾಜೆಲ್ಲೇಟ್ ಅನ್ನುವ ಕಂದು ಲೋಳೆ, ಗುಳ್ಳೆಗಳ ಸಮೇತ, ಮರಳಿನ ಮೇಲೆಲ್ಲ ಹಬ್ಬುತ್ತದೆ.

ಇವೆಲ್ಲ ಪುಸ್ತಕದ ಸಂಖ್ಯೆಗಳು. ನಿಮ್ಮ ಟ್ಯಾಂಕು ಒಂದು ವರ್ಷದಿಂದ 7.3 ಆಲ್ಕಲಿನಿಟಿಯಲ್ಲಿ ಸುಖವಾಗಿದ್ದರೆ ಅದನ್ನು 8ಕ್ಕೆ ತರುವ ಹಟ ಬೇಡ. ನಿನ್ನೆಗೂ ಇವತ್ತಿಗೂ ಎಷ್ಟು ಬದಲಾಯಿತು ಅನ್ನುವುದೇ ಮುಖ್ಯ. ಆಲ್ಕಲಿನಿಟಿಯನ್ನು ದಿನಕ್ಕೆ 0.5ಕ್ಕಿಂತ ಜಾಸ್ತಿ ಏರಿಸುವುದನ್ನು ಆ ಅಕ್ರೋಪೊರಾ ಸತ್ತ ಮೇಲೆ ಬಿಟ್ಟಿದ್ದೇನೆ. ಲೆಕ್ಕ ಸುಲಭ. 100 ಲೀಟರ್ ನೀರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಸುಮಾರು 1 ಡಿಕೆಎಚ್ ಏರುತ್ತದೆ. ಬೇಕಿಂಗ್ ಪೌಡರ್ ಅಲ್ಲ, ಬರೀ ಸೋಡಾ. ಆರ್‌ಒ ನೀರಿನಲ್ಲಿ ಕರಗಿಸಿ, ಹರಿವು ಜೋರಾಗಿರುವ ಕಡೆ ನಿಧಾನಕ್ಕೆ ಬಿಡಿ. ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಬೆಳಿಗ್ಗೆಯ ಅಳತೆಯನ್ನು ರಾತ್ರಿಯ ಅಳತೆಗೆ ಹೋಲಿಸಿದರೆ ಸುಮ್ನೆ ತಲೆಬಿಸಿ.

ಸಂಖ್ಯೆಗಳೆಲ್ಲ ಸರಿ ಇದ್ದೂ ಎಲ್ಲ ಹವಳ ಸೊರಗುತ್ತಿದ್ದರೆ ಕೈ ಒಣಗಿಸಿಕೊಂಡು, ಪಂಪುಗಳ ಪ್ಲಗ್ ತೆಗೆದು, ಒಂದೊಂದಾಗಿ ಎತ್ತಿ ನೋಡಿ. ಮ್ಯಾಗ್ನೆಟ್ಟಿನ ಪ್ಲಾಸ್ಟಿಕ್ ಹೊದಿಕೆ ಸೀಳಿ ಒಳಗೆ ತುಕ್ಕು ಹಿಡಿದಿರಬಹುದು. ಗಾಜು ಉಜ್ಜುವ ಮ್ಯಾಗ್ನೆಟ್ಟೂ ಅಷ್ಟೇ. ನಮ್ಮ ಕಿಟ್ಟುಗಳಿಗೆ ಸಿಕ್ಕದ ಲೋಹಗಳು ಲ್ಯಾಬಿನಲ್ಲಿ ಮಾಡಿಸುವ ಐಸಿಪಿ ಪರೀಕ್ಷೆಯಲ್ಲಿ ಸಿಗುತ್ತವೆ. ಫಲಿತಾಂಶ ಬರುವವರೆಗೆ ನೀರು ಸೋಸುವ ಹೊಸ ಕಾರ್ಬನ್ ಹಾಕಿ, ದಿನ ಬಿಟ್ಟು ದಿನ 10ರಿಂದ 15 ಶೇಕಡಾ ನೀರು ಬದಲಿಸಿ. ಹೊಸ ನೀರಿನ ಉಪ್ಪು, ಬಿಸಿ ಎರಡೂ ಹಳೆಯದಕ್ಕೆ ಹೊಂದಿಕೆಯಾಗಿರಬೇಕು. ತಾಮ್ರ ಇರುವ ಮೀನಿನ ಔಷಧಿಯನ್ನಂತೂ ಈ ಟ್ಯಾಂಕಿಗೆ ಯಾವತ್ತೂ ಹಾಕಬೇಡಿ.

ಬೆಳಕು, ಹರಿವು, ನೆರೆಹೊರೆ

ಬೆಳಕಿನ ವಿಷಯ ಚಿಕ್ಕದು. ಹೊಸ ಎಲ್‌ಇಡಿ ಹಾಕಿದ್ದೀರಾ? ಅರ್ಧ ಶಕ್ತಿಯಿಂದ ಶುರು ಮಾಡಿ ಮೂರು ನಾಲ್ಕು ವಾರದಲ್ಲಿ ಏರಿಸಿ. ಕಣ್ಣಳತೆಯನ್ನು ನಂಬಬೇಡಿ, ನೀಲಿ ಬೆಳಕು ಕಣ್ಣಿಗೆ ಮಂಕಾಗಿ ಕಂಡರೂ ಹವಳಕ್ಕೆ ಉರಿಬಿಸಿಲು. ಯಾರ ಹತ್ತಿರವಾದರೂ ಹವಳಕ್ಕೆ ಸಿಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ.

ಹರಿವಿನಲ್ಲಿ ಹ್ಯಾಮರ್, ಟಾರ್ಚ್ ಜಾತಿಯ ಹವಳಗಳು ಗಾಳಿಗೆ ಗದ್ದೆಯ ಪೈರು ಆಡುವ ಹಾಗೆ ಆಡಬೇಕು. ಹವಳದ ಕೈಗಳಂಥ ಬಳ್ಳಿಗಳೆಲ್ಲ ಒಂದೇ ಕಡೆಗೆ ಬಾಗಿ ಹಾಗೇ ನಿಂತಿದ್ದರೆ ಹರಿವು ಜಾಸ್ತಿ, ಗೂಡಿನ ಅಂಚಿಗೆ ಉಜ್ಜಿ ಮೈ ಹರಿಯುತ್ತದೆ. ಹವಳದ ಮೇಲೆ ಕಸ ಕೂರುತ್ತಿದ್ದರೆ ಹರಿವು ಸಾಲದು.

ನೆರೆಹೊರೆಯ ಜಗಳ ರಾತ್ರಿ ನಡೆಯುತ್ತದೆ. ಹಗಲು ಮರ್ಯಾದೆಯಿಂದ ಇರುವ ಗ್ಯಾಲಾಕ್ಸಿಯಾ ಹವಳ ರಾತ್ರಿ ಒಂದು ಗೇಣಿನಷ್ಟು ಉದ್ದದ ಕುಟುಕುವ ಎಳೆಗಳನ್ನು ಚಾಚುತ್ತದೆ. ಟಾರ್ಚ್ ಹವಳವೂ ಕಡಿಮೆ ಇಲ್ಲ. ಹವಳದ ಒಂದು ಮಗ್ಗುಲು ಮಾತ್ರ ಸುಟ್ಟಂತಿದ್ದರೆ ಆ ಮಗ್ಗುಲಿನ ನೆರೆಯವನನ್ನು ಹಿಡಿಯಿರಿ. ನೆಮೊ ಮೀನಿನ ಜೋಡಿ ಟಾರ್ಚ್ ಅಥವಾ ಹ್ಯಾಮರನ್ನೇ ಮನೆ ಮಾಡಿಕೊಂಡು ದಿನವಿಡೀ ಉಜ್ಜುತ್ತಿದ್ದರೂ ಹವಳ ಮುದುಡುತ್ತದೆ.

ರಾತ್ರಿ ಟಾರ್ಚು ಹಿಡಿದು

ನನ್ನ ಆರನೇ ತಲೆಯ ಕಥೆಗೆ ಬರುತ್ತೇನೆ. ನೀರು ಸರಿ ಇತ್ತು, ಉಳಿದ ಐದು ತಲೆಗಳೇ ಸಾಕ್ಷಿ. ನೆರೆಯಲ್ಲಿ ಕುಟುಕುವವರು ಯಾರೂ ಇರಲಿಲ್ಲ. ಲೈಟ್ ಆರಿ ಎರಡು ಗಂಟೆಯಾದ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮೆಲ್ಲಗೆ ಗಾಜಿನ ಹತ್ತಿರ ಕೂತೆ. ಕೆಂಪು ಬೆಳಕಿಗೆ ಹುಳಗಳು ಅಷ್ಟಾಗಿ ಬೆದರುವುದಿಲ್ಲ. ಮಗಳೂ ನಿದ್ದೆ ಬಿಟ್ಟು ಪಕ್ಕದಲ್ಲಿ ಕೂತಳು. ಒಂದು ಬ್ರಿಸಲ್ ಹುಳ ಹವಳದ ಬುಡದಲ್ಲಿ ಹರಿದಾಡುತ್ತಿತ್ತು. "ಅಪ್ಪಾ, ಇದೇ ಕಳ್ಳ!" ಅಂದಳು. ಅಲ್ಲ. ಆ ಹುಳ ಜಾಡಮಾಲಿ, ಸತ್ತದ್ದನ್ನು ತಿನ್ನಲು ಬರುತ್ತದೆ. ಹೆಣದ ಪಕ್ಕ ಸಿಕ್ಕಿದ ಅಂತ ಕೊಲೆಗಾರ ಅನ್ನಲಾಗದು.

ಏನೂ ಸಿಗಲಿಲ್ಲ ಅಂತ ಏಳುವ ಮೊದಲು ಮೀನಿನ ಆಹಾರದ ನೀರನ್ನು ಪಿಚಕಾರಿಯಲ್ಲಿ ಒಂದಿಷ್ಟು ಬಿಟ್ಟೆ. ಅರೆ ನಿಮಿಷದಲ್ಲಿ ಮಗಳು, "ಅಪ್ಪಾ, ಜೇಡರ ಬಲೆ!" ಅಂತ ಕೂಗಿದಳು. ಆರನೇ ತಲೆಯ ಕೆಳಗಿನಿಂದ ಬೆಳ್ಳಗಿನ ಎಳೆಗಳು ಹೊರಟು ತಲೆಯ ಮೇಲೆ ತೇಲುತ್ತಿದ್ದವು. ಭೂತಗನ್ನಡಿ ಹಿಡಿದರೆ ಗೂಡಿಗೆ ಅಂಟಿಕೊಂಡ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಸುಣ್ಣದ ಕೊಳವೆ. ವರ್ಮೆಟಿಡ್ ಬಸವನಹುಳು. ಇದು ಎಲ್ಲಿಗೂ ಹರಿಯುವುದಿಲ್ಲ. ಇದ್ದಲ್ಲೇ ಕೂತು ಲೋಳೆಯ ಬಲೆ ಬೀಸಿ, ತೇಲುವ ಆಹಾರ ಸಿಕ್ಕಿದ ಮೇಲೆ ಬಲೆಯನ್ನೇ ಎಳೆದು ನುಂಗುತ್ತದೆ. ಬಲೆ ತಾಗುವ ಹವಳಕ್ಕೆ ಸದಾ ಕಿರಿಕಿರಿ. ಬೆಳಿಗ್ಗೆ ಹವಳವನ್ನು ಹೊರಗೆ ತೆಗೆದು, ಇಕ್ಕಳದಿಂದ ಕೊಳವೆ ಮುರಿದು, ಉಳಿದ ತೂತಿಗೆ ಜೆಲ್ ಸೂಪರ್ ಗ್ಲೂ ಒಂದು ಹನಿ ಇಟ್ಟೆ. ಎರಡೇ ನಿಮಿಷದ ಕೆಲಸ. ಕಪಾಟಿನ ಐದು ಬಾಟಲಿಯಲ್ಲಿ ಯಾವುದೂ ಇದಕ್ಕೆ ಮದ್ದಾಗುತ್ತಿರಲಿಲ್ಲ.

ನಿಮಗೆ ಸಿಗುವ ಕಳ್ಳ ಬೇರೆ ಇರಬಹುದು. ಅಕ್ರೋಪೊರಾದಲ್ಲಿ ಚಪ್ಪಟೆ ಹುಳ. ಹವಳದ ಬಣ್ಣವೇ ಅದಕ್ಕೂ ಇರುವುದರಿಂದ ಕಾಣುವುದು ಹುಳವಲ್ಲ, ಕಚ್ಚಿದ ದುಂಡು ಕಲೆಗಳು. ಮಾಂಟಿಪೋರಾದಲ್ಲಿ ಬೆಳ್ಳಗಿನ ಪುಟ್ಟ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಸಮುದ್ರದ ಬಸವನಹುಳು), ಹೆಚ್ಚಾಗಿ ಅಡಿಭಾಗದಲ್ಲಿ. ಝೋವಾಗಳಲ್ಲೂ ಅವುಗಳನ್ನೇ ತಿನ್ನುವ ನ್ಯೂಡಿಬ್ರಾಂಕ್ ಇರುತ್ತದೆ, ತಿಂದ ಝೋವಾದ ಬಣ್ಣವನ್ನೇ ಹೊದ್ದು ಕೂತಿರುತ್ತದೆ.

ಡಿಪ್ ಮಾಡುವುದಾದರೆ

ಹುಳ ಕಂಡಿದ್ದರೆ, ಅಥವಾ ಗಾಯ ಕೊಳೆಯುವ ಲಕ್ಷಣ ಇದ್ದರೆ ಮಾತ್ರ ಡಿಪ್. ಟ್ಯಾಂಕಿನದೇ ನೀರನ್ನು ಮೂರು ಪಾತ್ರೆಗೆ ತೆಗೆದುಕೊಳ್ಳಿ, ಮೊದಲನೆಯದು ಬೆಳ್ಳಗಿನದಾದರೆ ಉದುರುವ ಹುಳ ಚೆನ್ನಾಗಿ ಕಾಣುತ್ತದೆ. ಮೊದಲ ಪಾತ್ರೆಗೆ ಔಷಧಿಯನ್ನು ಬಾಟಲಿಯ ಮೇಲೆ ಬರೆದಷ್ಟೇ ಹಾಕಿ, ಬರೆದಷ್ಟೇ ಹೊತ್ತು ಬಿಡಿ. ಗಡಿಯಾರ ನೋಡಿ, ಅಂದಾಜು ಬೇಡ. ಪಿಚಕಾರಿಯಿಂದ ಹವಳದ ಸಂದುಗಳಿಗೆ ಅದೇ ನೀರನ್ನು ಊದುತ್ತಿರಿ. ಆಮೇಲೆ ಎರಡನೇ ಪಾತ್ರೆಯಲ್ಲಿ ತೊಳೆದು, ಮೂರನೆಯದರಲ್ಲಿ ಇನ್ನೊಮ್ಮೆ ತೊಳೆದು ಟ್ಯಾಂಕಿಗೆ ಬಿಡಿ. ಪಾತ್ರೆಯ ನೀರನ್ನು ಚೆಲ್ಲಿ, ಒಂದು ಲೋಟವೂ ಟ್ಯಾಂಕಿಗೆ ಮರಳಬಾರದು.

ಡಿಪ್ ಹುಳಗಳನ್ನು ಕೊಲ್ಲುತ್ತದೆ, ಮೊಟ್ಟೆಗಳನ್ನಲ್ಲ. ಬುಡದ ಸುತ್ತ ಭೂತಗನ್ನಡಿ ಆಡಿಸಿ, ಮೊಟ್ಟೆಗಳ ಗುಂಪು ಕಂಡರೆ ಕೆರೆದು ತೆಗೆಯಿರಿ. ವಾರಕ್ಕೊಮ್ಮೆಯಂತೆ ಐದಾರು ವಾರ ಡಿಪ್ ಮುಂದುವರಿಸಬೇಕು. ಎರಡನೇ ವಾರಕ್ಕೇ ಗೆದ್ದೆವು ಅಂತ ನಿಲ್ಲಿಸುವವರೇ ಜಾಸ್ತಿ.

ಝೋವಾ, ಅದರ ಬಂಧು ಪಾಲಿಥೋವಾ ಮುಟ್ಟುವಾಗ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಇವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರಬಹುದು. ಕತ್ತರಿಸುವಾಗ ಕಣ್ಣಿಗೆ ಚಿಮ್ಮುತ್ತದೆ, ಕೈಯ ಗಾಯದಿಂದ ಒಳಗೆ ಇಳಿಯುತ್ತದೆ. ಅವು ಅಂಟಿರುವ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಲೇಬೇಡಿ, ಆವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳಿವೆ.

ಕಾಯಬಾರದ ಎರಡು ಸಂದರ್ಭ

ಇಷ್ಟೊತ್ತು ನಿಧಾನ, ನಿಧಾನ ಅಂದೆ. ಎರಡು ಕಡೆ ಮಾತ್ರ ನಿಧಾನ ಮಾಡಬಾರದು.

ಒಂದು, ಹ್ಯಾಮರ್, ಟಾರ್ಚ್ ಜಾತಿಯ ಹವಳದ ತಲೆಯ ಮೇಲೆ ಕಂದು ಬಣ್ಣದ ಲೋಳೆ ಜೋತಾಡುತ್ತಿದ್ದರೆ. ಬ್ರೌನ್ ಜೆಲ್ಲಿ ಅಂತಾರೆ. ಹವಳ ಹೊರಗೆ ತೆಗೆದರೆ ಕೊಳೆತ ನಾತ. ಒಂದು ತಲೆಯಿಂದ ಮುಂದಿನ ತಲೆಗೆ ಒಂದೆರಡು ದಿನದಲ್ಲೇ ದಾಟಬಲ್ಲದು. ಮೊದಲು ಪಂಪುಗಳನ್ನೆಲ್ಲ ನಿಲ್ಲಿಸಿ, ಲೋಳೆ ಹಾರಿ ಬೇರೆ ಹವಳದ ಮೇಲೆ ಬೀಳಬಾರದು. ಸಣ್ಣ ಕೊಳವೆ ಹಾಕಿ ಲೋಳೆಯನ್ನು ಬಕೆಟ್ಟಿಗೆ ಎಳೆದುಕೊಳ್ಳಿ. ಆಮೇಲೆ ಹವಳವನ್ನು ಹೊರಗೆ ತೆಗೆದು, ರೋಗದ ತಲೆಯನ್ನು ಅದರ ಕಾಂಡದ ಕೆಳಭಾಗದಲ್ಲಿ ಬೋನ್ ಕಟರಿನಿಂದ ಕತ್ತರಿಸಿ. ಅರ್ಧ ಚೆನ್ನಾಗಿದೆಯಲ್ಲ ಅಂತ ಆಸೆಪಡಬೇಡಿ. ಉಳಿದ ತಲೆಗಳಿಗೆ ಅಯೋಡಿನ್ ಡಿಪ್ ಕೊಟ್ಟು, ಸಾಧ್ಯವಾದರೆ ಬೇರೆ ಪುಟ್ಟ ಟ್ಯಾಂಕಿನಲ್ಲಿ ಇಡಿ.

ಎರಡು, ಅಕ್ರೋಪೊರಾದ ಮೈ ಗಂಟೆಗಳ ಲೆಕ್ಕದಲ್ಲಿ ಸುಲಿಯುತ್ತಿದ್ದರೆ. ಇದಕ್ಕೆ ಆರ್‌ಟಿಎನ್ ಅಂತಾರೆ, ಒಂದೇ ದಿನದಲ್ಲಿ ಇಡೀ ಹವಳವನ್ನು ಮುಗಿಸಬಲ್ಲದು. ಆಗ ಮರದ ಆಸೆ ಬಿಟ್ಟು ಕೊಂಬೆ ಉಳಿಸಿಕೊಳ್ಳಿ. ಸುಲಿದ ಗೆರೆಯಿಂದ ಒಂದು ಸೆಂಟಿಮೀಟರ್ ಆಚೆ, ಚೆನ್ನಾಗಿರುವ ಮೈಯಲ್ಲಿ ಕತ್ತರಿಸಿ, ತುಣುಕುಗಳನ್ನು ಗ್ಲೂ ಹಾಕಿ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ. ನಾಲ್ಕು ತುಣುಕಿನಲ್ಲಿ ಒಂದು ಬದುಕಿದರೂ ಆ ಹವಳ ನಿಮ್ಮ ಮನೆಯಲ್ಲಿ ಉಳಿಯಿತು.

ಆಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಜಾಗ ಬದಲಿಸಿದ ದಿನ ಲೈಟ್ ಮುಟ್ಟಬೇಡಿ, ಲೈಟ್ ಇಳಿಸಿದ ವಾರ ಹೊಸ ಆಹಾರ ಶುರು ಮಾಡಬೇಡಿ. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತು ಅಂತಲೇ ತಿಳಿಯುವುದಿಲ್ಲ. ಸೊರಗಿದ ಹವಳಕ್ಕೆ ಬಾಯಿ ಮುಚ್ಚಿದ್ದಾಗ ತಿನ್ನಿಸಲು ಹೋಗಬೇಡಿ, ಆಹಾರ ಮೈಮೇಲೇ ಕೊಳೆಯುತ್ತದೆ. ಬಳ್ಳಿಗಳು ಹೊರಗೆ ಬಂದ ಮೇಲೆ ಒಂದು ಸಣ್ಣ ಮೈಸಿಸ್ ಸೀಗಡಿ ಸಾಕು.

ಗೂಡು ಬರಿದಾಯಿತು ಅಂತ ತಕ್ಷಣ ಎಸೆಯಲೂಬೇಡಿ. ನಾತ ಇಲ್ಲ, ಲೋಳೆ ಇಲ್ಲ ಅಂದರೆ ಮಂದ ಬೆಳಕಿನ ಮೂಲೆಯಲ್ಲಿ ಇರಲಿ. ಸತ್ತಿತು ಅಂತ ಮೂಲೆಗೆ ತಳ್ಳಿದ್ದ ನನ್ನ ಒಂದು ಅಕಾನ್ ಹವಳದ ಗೂಡಿನ ಸಂದಿನಲ್ಲಿ ಎರಡು ತಿಂಗಳ ಮೇಲೆ ಸಾಸಿವೆಯಷ್ಟು ದೊಡ್ಡ ಮೂರು ಕೆಂಪು ಚುಕ್ಕೆ ಕಂಡವು. ಈಗ ಅವು ಬಟಾಣಿಯಷ್ಟಾಗಿವೆ. ಹ್ಯಾಮರಿನ ಆರನೇ ತಲೆ ಒಂಬತ್ತನೇ ದಿನ ಅರಳಿತು, ಉಳಿದ ಐದಕ್ಕಿಂತ ಸ್ವಲ್ಪ ಚಿಕ್ಕದಾಗಿ. ಮಗಳು ಈಗಲೂ ಆಹಾರ ಹಾಕುವಾಗ ಅದರ ಬುಡ ನೋಡುತ್ತಾಳೆ. ಕಳೆದ ವಾರ ಇನ್ನೆರಡು ಕೊಳವೆ ಹುಡುಕಿ ಕೊಟ್ಟಳು.